ಗಂಟು ಬಿಚ್ಚಿರಲಿಲ್ಲ, ಆದರೂ ಬೀರು ಜಾರಿತು

ಮೊದಲ ಸಲ ಟ್ರೇಲರ್‌ನಲ್ಲಿ ಬೀರು ಸಾಗಿಸಿದಾಗ ಹೊಸ ನೈಲಾನ್ ಹಗ್ಗ ಬಿಗಿದಿದ್ದೆ. ಗಂಟಿನ ಮೇಲೆ ಗಂಟು, ಆರೇಳು ಇದ್ದವು. ದಾರಿಯಲ್ಲಿ ಮಳೆ ಬಂತು. ಜೋರಾಗಿ ಬ್ರೇಕ್ ಹಾಕಿದ್ದೇ ತಡ, ಬೀರು ಜಾರಿ ಮುಂದಿನ ಹಲಗೆಗೆ ಢಬ್ ಅಂತ ಬಡಿಯಿತು. ಇಳಿದು ನೋಡಿದರೆ ಒಂದು ಗಂಟೂ ಬಿಚ್ಚಿರಲಿಲ್ಲ. ಹಗ್ಗ ಮಾತ್ರ ಬಟ್ಟೆ ಒಣಗಿಸುವ ತಂತಿಯ ಹಾಗೆ ಜೋತುಬಿದ್ದಿತ್ತು. ನೈಲಾನ್ ಎಳೆದರೆ ಹಿಗ್ಗುತ್ತದೆ, ನೆನೆದರೆ ಇನ್ನೂ ಜಾಸ್ತಿ. ನಾರಿನ ಹಗ್ಗ ಇದಕ್ಕೆ ತದ್ವಿರುದ್ಧ, ನೆನೆದರೆ ಬಿಗಿಯುತ್ತದೆ.

ಈಗ ಕಡಿಮೆ ಹಿಗ್ಗುವ ಪಾಲಿಯೆಸ್ಟರ್ ಹಗ್ಗ ಬಳಸುತ್ತೇನೆ. ಹಗ್ಗ ಮುಟ್ಟುವ ಮೊದಲು ಸಾಮಾನನ್ನು ಮುಂದಿನ ಹಲಗೆಗೆ ಒತ್ತಿ, ಸಂದು ಬಿಡದೆ ಕೂರಿಸುತ್ತೇನೆ. ಬೀರಾದರೆ ಮಲಗಿಸಿಯೇ. ಅಡಿಗೆ ರಬ್ಬರ್ ಮ್ಯಾಟ್, ಚೂಪು ಅಂಚಿಗೆ ದಪ್ಪ ಬಟ್ಟೆ. ಭಾರ ಚಕ್ರದ ಅಚ್ಚಿಗಿಂತ ತುಸು ಮುಂದಿರಬೇಕು. ಹಿಂದೆ ಜಾಸ್ತಿಯಾದರೆ ಓಡುವಾಗ ಟ್ರೇಲರ್ ಬಾಲ ಆಡಿಸುತ್ತದೆ.

ಇನ್ನು ಗಂಟು. ಹಗ್ಗದ ಒಂದು ತುದಿಯನ್ನು ಟ್ರೇಲರ್‌ನ ಒಂದು ಬದಿಯ ಕೊಕ್ಕೆಗೆ ಎರಡು ಸುತ್ತು ಸುತ್ತಿ ಕಟ್ಟಿ, ಉಳಿದದ್ದನ್ನು ಸಾಮಾನಿನ ಮೇಲಿಂದ ಆಚೆ ಎಸೆಯುತ್ತೇನೆ. ಆ ಬದಿಯ ಕೊಕ್ಕೆಗಿಂತ ಎರಡಡಿ ಮೇಲೆ ಹಗ್ಗವನ್ನು ಜೋಡಿಯಾಗಿ ಮಡಚಿ, ಎಂಟರ ಆಕಾರದ ಗಂಟು ಹಾಕಿ ಕುಣಿಕೆ ಮಾಡುತ್ತೇನೆ. ಹಗ್ಗದ ಇನ್ನೊಂದು ತುದಿ ಆ ಕೊಕ್ಕೆಯ ಅಡಿಯಿಂದ ಮೇಲೆ ಬಂದು, ಕುಣಿಕೆಯೊಳಗೆ ತೂರಿ, ಮತ್ತೆ ಕೆಳಕ್ಕೆ. ಈಗ ಎಳೆದರೆ ಕುಣಿಕೆಯೇ ರಾಟೆ. ಲೆಕ್ಕದ ಪ್ರಕಾರ ಎಳೆತ ಮೂರು ಪಟ್ಟು ಆಗಬೇಕು, ಉಜ್ಜುವಿಕೆ ಅದರಲ್ಲಿ ಒಳ್ಳೇ ಪಾಲು ನುಂಗುತ್ತದೆ. ಆದರೂ ಬರಿಗೈ ಬಿಗಿತಕ್ಕೆ ಹೋಲಿಕೆಯೇ ಇಲ್ಲ.

ನಾನು ತುಂಬಾ ಸಲ ಎಡವಿದ್ದು ಇದರ ನಂತರ. ಎಳೆದ ಬಿಗಿ, ಗಂಟು ಹಾಕುವಷ್ಟರಲ್ಲಿ ಸೋರಿಹೋಗುತ್ತಿತ್ತು. ಈಗ ಹಗ್ಗ ಕುಣಿಕೆಯಲ್ಲಿ ತಿರುಗುವ ಜಾಗವನ್ನೇ ಎಡಗೈ ಹೆಬ್ಬೆರಳು, ತೋರುಬೆರಳಿನಿಂದ ಚಿವುಟಿ ಹಿಡಿಯುತ್ತೇನೆ. ಬಲಗೈ ಅದರ ಕೆಳಗೇ ಎರಡು ಅರೆಗಂಟು (ತುದಿಯನ್ನು ಹಗ್ಗಕ್ಕೆ ಒಮ್ಮೆ ಸುತ್ತಿ, ಆ ಸುತ್ತಿನೊಳಗೇ ತೂರಿಸುವ ಗಂಟು) ಹಾಕುತ್ತದೆ. ಬೆರಳು ಉರಿಯುತ್ತದೆ, ಬಿಡಬಾರದು.

ಹೊರಟು ಹತ್ತು ನಿಮಿಷಕ್ಕೆ ಗಾಡಿ ನಿಲ್ಲಿಸುತ್ತೇನೆ. 'ಈಗ ತಾನೇ ಕಟ್ಟಿದ್ದಲ್ವಾ?' ಅಂತ ಜೊತೆಗಿದ್ದವರು ಗೊಣಗುತ್ತಾರೆ. ಕುಲುಕಾಟಕ್ಕೆ ಸಾಮಾನು ಕೆಳಗೆ ಕೂತಿರುತ್ತದೆ, ಹಗ್ಗ ಅಷ್ಟೇ ಉದ್ದ ಇರುವುದರಿಂದ ಸಡಿಲವಾಗುತ್ತದೆ. ಬೆರಳಲ್ಲಿ ಮೀಟಿ ನೋಡುತ್ತೇನೆ. ಹೊರಡುವಾಗ ಟಣ್ ಅಂದಿದ್ದು ಈಗ ದಬ್ ಅನ್ನುತ್ತದೆ. ಅರೆಗಂಟು ಬಿಚ್ಚಿ ಮತ್ತೆ ಎಳೆದರೆ, ಪ್ರತಿ ಸಲವೂ ಒಂದು ಗೇಣು ಹಗ್ಗ ಕೈಗೆ ಬರುತ್ತದೆ.