ಎಸಿ, ಫರ್ನೇಸ್ ಬದಲಿಸುವವರು ಕಡೆಯ ಕಂತು ಕೈಯಲ್ಲಿಟ್ಟುಕೊಳ್ಳಿ

ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಮನೆ ಇರುವವರಿಗೆ ಒಂದು ಸಲಹೆ. ಹಳೆ ಫರ್ನೇಸ್ (ಮನೆ ಬಿಸಿ ಮಾಡುವ ಯಂತ್ರ), ಎಸಿ ತೆಗೆಸಿ ಬಿಸಿ, ತಂಪು ಎರಡನ್ನೂ ಕೊಡುವ ಹೀಟ್ ಪಂಪ್ ಹಾಕಿಸುವಾಗ ಕಾಂಟ್ರ್ಯಾಕ್ಟಿನಲ್ಲೇ ಹೀಗೆ ಬರೆಸಿ: ಸಿಟಿ ಕೊಡುವ ಪರ್ಮಿಟ್ ಕಾಂಟ್ರ್ಯಾಕ್ಟರ್ ಹೆಸರಲ್ಲಿ, ಕಡೆಯ ಕಂತು ಸಿಟಿ ಇನ್‌ಸ್ಪೆಕ್ಟರ್ ಫೈನಲ್ ಸಹಿ ಹಾಕಿದ ಮೇಲೆ. ಮೆಷಿನ್ ಕೂರಿಸಿ ದುಡ್ಡು ಎಣಿಸಿಕೊಂಡವರು ಇನ್‌ಸ್ಪೆಕ್ಷನ್‌ಗೆ ಮತ್ತೆ ಬರುವುದು ಕಷ್ಟ. ದುಡ್ಡು ಬಾಕಿ ಇದ್ದರೆ ಡೇಟ್ ಅವರೇ ಬುಕ್ ಮಾಡುತ್ತಾರೆ, ಗಾಳಿ ಸಾಗಿಸುವ ಕೊಳವೆಗಳ ಸೋರಿಕೆ ಪರೀಕ್ಷೆ (ಡಕ್ಟ್ ಲೀಕ್ ಟೆಸ್ಟ್) ಬೇಕಿದ್ದರೆ ಅದನ್ನೂ ಮಾಡಿಸುತ್ತಾರೆ. "ನೀವೇ ಓನರ್-ಬಿಲ್ಡರ್ (ಕೆಲಸ ಮಾಡಿಸುವ ಮಾಲೀಕ) ಅಂತ ಪರ್ಮಿಟ್ ತಗೊಳ್ಳಿ, ಜಾಸ್ತಿ ಖರ್ಚಿಲ್ಲ" ಅಂತ ಕಾಂಟ್ರ್ಯಾಕ್ಟರ್ ಅಂದರೆ ಒಪ್ಪಬೇಡಿ. ಕೆಲಸದ ಹೊಣೆಯೆಲ್ಲ ನಿಮ್ಮ ತಲೆಗೆ ಬರುತ್ತದೆ. ಹಾಗೆ ಕೇಳುವವರ ಹತ್ತಿರ ಲೈಸೆನ್ಸ್ ಇದೆಯಾ ಅಂತ ಮೊದಲು ನೋಡಿ. ಸಿಎಸ್‌ಎಲ್‌ಬಿ (ರಾಜ್ಯದ ಕಾಂಟ್ರ್ಯಾಕ್ಟರ್ ಲೈಸೆನ್ಸ್ ಮಂಡಳಿ) ಸೈಟಿನಲ್ಲಿ ನಂಬರ್ ಹಾಕಿದರೆ ಗೊತ್ತಾಗುತ್ತದೆ, ಈ ಕೆಲಸಕ್ಕೆ ಸಿ-20 ಅನ್ನುವ ಹೀಟಿಂಗ್-ಎಸಿ ಲೈಸೆನ್ಸ್ ಇರಬೇಕು. ಅಡ್ವಾನ್ಸ್‌ಗೂ ಕಾನೂನಿನ ಮಿತಿ ಇದೆ: ಸಾಮಾನ್ಯವಾಗಿ ಒಟ್ಟು ಮೊತ್ತದ ಶೇ 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅದು. ಅರ್ಧ ದುಡ್ಡು ಮೊದಲೇ ಕೊಡಿ ಅನ್ನುವವರಿಗೆ ಇದನ್ನು ಹೇಳಿದರೆ ಸಾಕು, ದನಿ ತಗ್ಗುತ್ತದೆ! ಆದರೆ ಕಾಂಟ್ರ್ಯಾಕ್ಟಿಗೆ ಸಹಿ ಹಾಕಿದ ಮೇಲೆ ಕಡೆಯ ಕಂತು ತಡೆಯುವ ಉಪಾಯ ನಡೆಯುವುದಿಲ್ಲ. ಬರಹದಲ್ಲಿ ಇಲ್ಲದೆ ಸುಮ್ನೆ ದುಡ್ಡು ತಡೆದರೆ ಅವರು ಮನೆ ಮೇಲೆ ಲೀನ್ (ಬಾಕಿ ಹಣಕ್ಕಾಗಿ ಆಸ್ತಿಯ ಮೇಲಿನ ಹಕ್ಕು) ಹಾಕಬಹುದು. ಸಾಲದಲ್ಲಿ ಮಾಡಿಸುವವರು ಸಾಲ ಕೊಡುವ ಕಂಪನಿ ಕಾಂಟ್ರ್ಯಾಕ್ಟರ್‌ಗೆ ಯಾವಾಗ ದುಡ್ಡು ಕಳಿಸುತ್ತದೆ ಅಂತ ಕೇಳಿಕೊಳ್ಳಿ. ಟೌನ್‌ಹೌಸ್, ಕಾಂಡೋದವರಿಗೆ ಹೊರಗಿನ ಯೂನಿಟ್ ಇಡಲು ಎಚ್‌ಒಎ (ಮನೆ ಮಾಲೀಕರ ಸಂಘ) ಒಪ್ಪಿಗೆ ಬೇರೆಯೇ ಬೇಕಾಗಬಹುದು. ಸಿಟಿ ಪರ್ಮಿಟ್ ಇದೆ ಅಂದ ಮಾತ್ರಕ್ಕೆ ಅವರು ಬಿಡುವುದಿಲ್ಲ.