ಎಡಗಡೆ ಮುಂದಿನ ಚಕ್ರದ ಲೊಟಕ್ ಸದ್ದು

ಎರಡು ಶಾಕ್ ಅಬ್ಸಾರ್ಬರ್ ಹೊಸದು ಹಾಕಿಸಿಕೊಂಡು ಗ್ಯಾರೇಜಿನಿಂದ ಹೊರಟೆ. ಅರ್ಧ ದಾರಿಗೇ ಮತ್ತೆ ಅದೇ ಸದ್ದು. ಲೊಟಕ್, ಲೊಟಕ್. ದುಡ್ಡು ಹೋಯಿತು ಅನ್ನುವುದಕ್ಕಿಂತ, ಕಾರಿನ ಕೆಳಗೆ ತಲೆ ಹಾಕಿ ಯಾರೂ ನೋಡಲೇ ಇಲ್ಲವಲ್ಲ ಅನ್ನುವ ಬೇಸರ ಜಾಸ್ತಿ ಆಯಿತು. ಮುಂದಿನ ಭಾನುವಾರ ನಾನೇ ಹುಡುಕಲು ಕೂತೆ.

ಮೊದಲು ಓಡಿಸಿ ಕೇಳಿಸಿಕೊಂಡೆ. ನಮ್ಮ ಬೀದಿಯ ಹಂಪನ್ನು ಎರಡೂ ಚಕ್ರ ಒಟ್ಟಿಗೆ ಹತ್ತಿ ಇಳಿದರೆ ಸದ್ದೇ ಇಲ್ಲ. ಒಂದೇ ಚಕ್ರ ಗುಂಡಿಗೆ ಬಿದ್ದರೆ ಮಾತ್ರ ಲೊಟಕ್. ಇದು ಸಣ್ಣ ಸುಳಿವಲ್ಲ. ಎಡ ಬಲ ಚಕ್ರಗಳ ನಡುವೆ ಅಡ್ಡಕ್ಕೆ ಸ್ಟೆಬಿಲೈಸರ್ ಬಾರ್ ಇರುತ್ತದೆ. ತಿರುವಿನಲ್ಲಿ ಕಾರು ವಾಲದ ಹಾಗೆ ಹಿಡಿಯುವುದು ಅದರ ಕೆಲಸ. ಎರಡೂ ಚಕ್ರ ಏರಿದರೆ ಬಾರ್ ಕೂಡ ಸುಮ್ನೆ ಏರುತ್ತದೆ. ಒಂದೇ ಏರಿದಾಗ ತಿರುಚಿಕೊಳ್ಳುತ್ತದೆ. ಆಗ ಅದರ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಸಣ್ಣ ಸರಳು, ಅಂದರೆ ಲಿಂಕ್ ರಾಡ್ ಮೇಲೆ ಎಳೆತ ಬೀಳುತ್ತದೆ.

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಎಡಗಡೆ ಜ್ಯಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಇಟ್ಟೆ. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ಕೈ ಹಾಕಬೇಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಬಾಲ್ ಜಾಯಿಂಟ್ (ಚಕ್ರವನ್ನು ಕೆಳಗಿನ ತೋಳಿಗೆ ಜೋಡಿಸುವ ಗುಂಡು ಕೀಲು) ಅಥವಾ ವೀಲ್ ಬೇರಿಂಗ್ ಸವೆದಿದ್ದರೆ ಇಲ್ಲಿ ಆಟ, ಅಂದರೆ ಸಡಿಲ ಅಲುಗಾಟ ಸಿಗುತ್ತದೆ. ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ, ಸ್ಟೇರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಎಂಡಿನ ಆಟ ಗೊತ್ತಾಗುತ್ತದೆ. ಎರಡೂ ಗಟ್ಟಿ ಇದ್ದವು. ಬಾಲ್ ಜಾಯಿಂಟ್ ಸಡಿಲ ಇದ್ದಿದ್ದರೆ ಆ ಕಾರನ್ನು ಅಲ್ಲಿಂದ ಓಡಿಸುತ್ತಲೇ ಇರಲಿಲ್ಲ. ಅದು ಕಳಚಿದರೆ ಚಕ್ರವೇ ಮಗುಚಿಕೊಳ್ಳುತ್ತದೆ.

ಲಿಂಕ್ ರಾಡ್ ಹಿಡಿದು ಜಗ್ಗಿದೆ. ಅದೂ ಗಟ್ಟಿ! ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಒಂದೇ ಕಡೆ ಜ್ಯಾಕ್ ಏರಿಸಿದಾಗ ಬಾರ್ ತಿರುಚಿಕೊಂಡು ಲಿಂಕ್ ರಾಡನ್ನು ಬಿಗಿಯಾಗಿ ಎಳೆದಿರುತ್ತದೆ ಅಲ್ವಾ? ಸವೆದಿದ್ದರೂ ಆಟ ಅಡಗಿಬಿಡುತ್ತದೆ. ಕಾರು ಇಳಿಸಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಚಕ್ರದ ಪಕ್ಕ ಕೈ ಹೋಗುವಷ್ಟು ಜಾಗ ಮಾಡಿಕೊಂಡೆ. ರಾಡನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್. ರಾಡಿನ ಕೆಳಗಿನ ಕೀಲನ್ನು ಮುಚ್ಚುವ ರಬ್ಬರ್ ಬೂಟು ಹರಿದಿತ್ತು. ಗ್ರೀಸ್ ಇರಬೇಕಾದ ಕಡೆ ಕೆಂಪು ಮಣ್ಣು ಒಣಗಿ ಕೂತಿತ್ತು.

ಖಾತ್ರಿ ಮಾಡಿಕೊಳ್ಳಲು ಎರಡೂ ಕಡೆಯ ಲಿಂಕ್ ರಾಡ್ ಬಿಚ್ಚಿಟ್ಟು, ಬೀದಿಯಲ್ಲೇ ನಿಧಾನಕ್ಕೆ ಒಂದು ಸುತ್ತು ಹೋದೆ. ಅದೇ ಗುಂಡಿ, ಸದ್ದಿಲ್ಲ. ಆಮೇಲೆ ಹೊಸ ಜೋಡಿ ಹಾಕಿದೆ. ನಟ್ ತಿರುಗಿಸುವಾಗ ಒಳಗಿನ ಬೋಲ್ಟೂ ಜೊತೆಗೇ ತಿರುಗುತ್ತದೆ. ನನ್ನದರಲ್ಲಿ ಬೋಲ್ಟಿನ ತುದಿಗೆ ಅಲೆನ್ ಕೀ ಹಾಕಿ ಹಿಡಿದುಕೊಳ್ಳಬೇಕಿತ್ತು.

ಲೊಟಕ್ ಹೋದ ಮೇಲೆ ಇನ್ನೊಂದು ಸದ್ದು ಕಿವಿಗೆ ಬಿತ್ತು. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೆ ಟಂಯ್ ಅನ್ನುತ್ತಿತ್ತು. ತಮ್ಮನನ್ನು ಒಳಗೆ ಕೂರಿಸಿ, ಸ್ಪ್ರಿಂಗ್ ಮೇಲೆ ಅಂಗೈ ಇಟ್ಟೆ. ಸುರುಳಿಗಳ ನಡುವೆ ಬೆರಳು ಹೋಗಬಾರದು.

"ನಿಧಾನಕ್ಕೆ ತಿರುಗಿಸೋ."

"ಗೊತ್ತಾಯ್ತಾ ಅಣ್ಣಾ?"

ಗೊತ್ತಾಯಿತು. ಸ್ಪ್ರಿಂಗ್ ಸಲೀಸಾಗಿ ತಿರುಗುವ ಬದಲು ಒಂದು ಕ್ಷಣ ತಡೆದು, ಆಮೇಲೆ ಎಗರುತ್ತಿತ್ತು. ಅಂದರೆ ಸ್ಪ್ರಿಂಗ್ ಸಲೀಸಾಗಿ ತಿರುಗಲೆಂದು ಅದರ ಮೇಲೆ ಇರುವ ಸ್ಟ್ರಟ್ ಬೇರಿಂಗ್ ಜಾಮ್ ಆಗಿ ಹಿಡಿದುಕೊಂಡಿದೆ. ಶಾಕ್ ಹೊಸದು ಹಾಕಿದವರು ಹಳೇ ಬೇರಿಂಗನ್ನೇ ವಾಪಸ್ ಕೂರಿಸಿದ್ದರು.

ಇದನ್ನು ಮಾತ್ರ ಮನೆಯಲ್ಲಿ ಬಿಚ್ಚಲಿಲ್ಲ. ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಪ್ರಾಣಕ್ಕೇ ಅಪಾಯ. ಬೇರೆ ಗ್ಯಾರೇಜಿಗೆ ಹೋಗಿ, ಯಾವ ಬೇರಿಂಗ್, ಯಾವ ಕಡೆ ಅಂತ ತೋರಿಸಿ, ಪಕ್ಕದಲ್ಲೇ ನಿಂತು ಹಾಕಿಸಿಕೊಂಡೆ. ಬಿಚ್ಚಿದ ಹಳೇ ಬೇರಿಂಗನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಕರಕ್ ಅಂತು.