ಜನವರಿಯಲ್ಲಿ ತಾಳೆಯಾಗದ ಉಪಗ್ರಹದ ಲೆಕ್ಕ

ಬೆಂಗಳೂರಿನ ಪೀಣ್ಯದ ಸುತ್ತಮುತ್ತ ಗಾಳಿಯಲ್ಲಿ ಪಿಎಂ 2.5, ಅಂದರೆ 2.5 ಮೈಕ್ರಾನ್‌ವರೆಗಿನ ಸಣ್ಣ ಕಣ, ಎಷ್ಟಿದೆ ಎಂದು ಉಪಗ್ರಹದ ದತ್ತಾಂಶದಿಂದ ಅಂದಾಜು ಮಾಡುತ್ತಿದ್ದೆ. ಬೇಸಿಗೆಯಲ್ಲಿ ಲೆಕ್ಕ ಸುಮಾರಾಗಿ ಕೂಡಿಬರುತ್ತಿತ್ತು. ಜನವರಿಯಲ್ಲಿ ಮಾತ್ರ ನೆಲದ ಮಾಪಕ ತೋರಿಸುವುದಕ್ಕಿಂತ ತೀರಾ ಕಡಿಮೆ. ಅನುಮಾನ ಮೊದಲು ಮಾಪಕದ ಮೇಲೆಯೇ ಬಂತು. ಪಾಪ, ಅದು ನೆಟ್ಟಗೇ ಇತ್ತು.

ಉಪಗ್ರಹದಲ್ಲಿರುವ ಮೋಡಿಸ್ ಉಪಕರಣ ಅಳೆಯುವುದು ಇಡೀ ವಾಯುಮಂಡಲದ ಕಣಗಳು ಎಷ್ಟು ಬೆಳಕನ್ನು ತಡೆಯುತ್ತವೆ ಎಂಬುದನ್ನು. ನಾವು ಉಸಿರಾಡುವುದು ಅದರ ಬುಡದಲ್ಲಿ. ಚಳಿಗಾಲದಲ್ಲಿ ಗಾಳಿ ಬೆರೆಯುವ ಪದರ ತಗ್ಗುತ್ತದೆ, ಅಷ್ಟೇ ಹೊಗೆ ಕಿರುಕೋಣೆಯಲ್ಲಿ ಸಿಕ್ಕಿಕೊಂಡಂತೆ ದಟ್ಟವಾಗುತ್ತದೆ. ಹಾಗಾಗಿ ಉಪಗ್ರಹದ ಅಂಕಿಯನ್ನು ಇಆರ್‌ಎ5 ಎಂಬ ಜಾಗತಿಕ ಹವಾಮಾನ ದತ್ತಾಂಶ ಕೊಡುವ ಪದರದ ಎತ್ತರದಿಂದ ಭಾಗಿಸಿದೆ. ಅಂಕಿ ಅದೇ 0.4 ಇದ್ದರೂ ಎತ್ತರ 2000 ಮೀಟರ್‌ನಿಂದ 500ಕ್ಕೆ ಇಳಿದರೆ ನೆಲದ ಅಂದಾಜು ನಾಲ್ಕು ಪಟ್ಟಾಗುತ್ತದೆ! ತೇವಾಂಶಕ್ಕೂ ತಿದ್ದುಪಡಿ ಹಾಕಿದೆ. ನೀರು ಹೀರಿ ಉಬ್ಬಿದ ಕಣ ಹೆಚ್ಚು ಬೆಳಕು ಚದುರಿಸುತ್ತದೆ.

ಟೆರಾ, ಅಕ್ವಾ ಉಪಗ್ರಹಗಳ ಈ ಅಳತೆ ಹಗಲಿನದು. ರಾತ್ರಿ ಸುಡುವ ಕಸ ಅದಕ್ಕೆ ಕಾಣದು. ಆ ಕೊರತೆಗೂ ತುಮಕೂರು ರಸ್ತೆಯ ಲಾರಿಗಳ ಹೊಗೆಗೂ ಹೊಗೆ ಗಾಳಿಯಲ್ಲಿ ಹೇಗೆ ಹರಡುತ್ತದೆಂದು ಲೆಕ್ಕ ಹಾಕುವ ಏರ್‌ಮಾಡ್ ಪ್ರಸರಣ ಮಾದರಿಯನ್ನು ಓಡಿಸಿ ಸೇರಿಸಿದೆ. ಮೋಡ ಕವಿದ ಜುಲೈನಲ್ಲಂತೂ ಉಪಗ್ರಹವನ್ನು ಬದಿಗಿಟ್ಟು ಮಾದರಿಯನ್ನೇ ನೆಚ್ಚಿಕೊಳ್ಳುತ್ತೇನೆ.